ಹೊಳೆದಂಡೆ ಮರಳು, ಅಲಮೇಲಮ್ಮನ ಮೂಗುತಿ

ನಮ್ಮ ಕವಲಂದೆ ಕಡೆಯವರಿಗೆ ಸಮುದ್ರ ಅಂದ್ರೆ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಬಸ್ಸು ಮಾಡ್ಕೊಂಡು ಹೋದಾಗ ಕೊನೆಗೆ ಅರ್ಧ ದಿನ ಮಂಗಳೂರಿನಲ್ಲಿ ನೋಡಿ ಬರೋದು, ಅಷ್ಟೆ. ಸೀರೆ ಎತ್ತಿ ಹಿಡ್ಕೊಂಡು ಮೊಣಕಾಲುದ್ದ ನೀರಿಗಿಳಿದು, ಒಂದು ಅಲೆ ಬಂದ್ರೆ ನಾಕು ಹೆಜ್ಜೆ ಹಿಂದಕ್ಕೆ ಓಡೋದು. ಆ ಭಾಗ್ಯಕ್ಕೂ ಘಟ್ಟ ಇಳೀಬೇಕು, ರಾತ್ರಿಯೆಲ್ಲ ಬಸ್ಸಲ್ಲಿ ಕೂರಬೇಕು. ಆದ್ರೆ ಬರಿಗಾಲಲ್ಲಿ ಮರಳ ಮೇಲೆ ನಡೀಬೇಕು, ಎದುರಿಗೆ ನೀರಿರಬೇಕು, ಸುತ್ತ ಗಲಾಟೆ ಇರಬಾರದು ಅನ್ನೋರಿಗೆ ನಮ್ಮ ಹತ್ರಾನೇ ಒಂದು ಜಾಗ ಅದೆ. ತಲಕಾಡು. ನಂಜನಗೂಡಿಗೆ ಹೋಗಿ, ಅಲ್ಲಿಂದ ಟಿ. ನರಸೀಪುರ ಹಿಡಿದು ಮುಂದಕ್ಕೆ ಹೋದ್ರೆ ಬೆಳಿಗ್ಗೆ ತಿಂಡಿ ತಿಂದು ಹೊರಟವರು ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆ ಸೇರಬಹುದು.

ಭಾನುವಾರ, ಜಾತ್ರೆ, ರಜಾ ದಿನ ಬಿಟ್ಟು ಹೋಗಿ. ವಾರದ ನಡುವೆ ಹೋದ್ರೆ ಆ ಮರಳಗುಡ್ಡೆ ಮೇಲೆ ನೀಲಗಿರಿ ಎಲೆ ಸದ್ದು ಬಿಟ್ಟು ಏನೂ ಕೇಳಲ್ಲ. ಬಿಸಿಲೇರೋ ಮುಂಚೆ ನಡೆದು ಮುಗಿಸಬೇಕು, ಆಮೇಲೆ ಅಂಗಾಲು ಸುಡ್ತದೆ. ನಾನು ಈಗ ಬರೀಬೇಕು ಅಂತಿರೋದು ಆ ಮರಳಿನ ಚರಿತ್ರೆ. ಯಾಕಂದ್ರೆ ಅಲ್ಲಿಗೆ ಹೋಗಿ ಬಂದ ನಮ್ಮ ಹೆಂಗಸರೆಲ್ಲ ಒಂದೇ ಮಾತು ಹೇಳ್ತಾರೆ: "ಅವಳ ಶಾಪ ಕನವ್ವ, ಊರನ್ನೇ ಮರಳು ಮಾಡ್ಬುಟ್ಲು." ಅವಳು ಅಂದ್ರೆ ಅಲಮೇಲಮ್ಮ. ನಾನೂರು ವರ್ಷದಿಂದ ಆ ಮರಳನ್ನೆಲ್ಲ ಒಬ್ಬ ಹೆಂಗಸಿನ ಬಾಯಿ ಮೇಲೆ ಹೊರಿಸಿ ಕೂತಿದ್ದೀವಿ.

ಮೊದಲು ಮರಳಿನ ಅಡಿ ಏನಿತ್ತು ಅಂತ ನೋಡೋಣ. ತಲಕಾಡು ಸುಮ್ಮನೆ ಒಂದು ಹಳ್ಳಿ ಅಲ್ಲ. ಗಂಗರು ಅಂತ ರಾಜರಿದ್ರಲ್ಲ, ಶ್ರವಣಬೆಳಗೊಳದ ಗೊಮ್ಮಟನನ್ನ ಕಡೆಸಿದ ಚಾವುಂಡರಾಯ ಯಾರ ಮಂತ್ರಿಯಾಗಿದ್ದನೋ ಆ ಮನೆತನ, ಅವರು ಕೋಲಾರ ಬಿಟ್ಟು ಬಂದು ರಾಜಧಾನಿ ಮಾಡ್ಕೊಂಡದ್ದು ಇಲ್ಲಿ, ಕಾವೇರಿ ದಂಡೆಲಿ. ಐನೂರು ವರ್ಷಕ್ಕೂ ಮೇಲೆ ಆಳಿದ್ರು. ಸುಮಾರು 1004ರಲ್ಲಿ ಚೋಳರು ಬಂದು ಹಿಡಿದ್ರು, ಊರಿಗೆ ರಾಜರಾಜಪುರ ಅಂತ ತಮ್ಮ ಹೆಸರಿಟ್ರು. ಅವರನ್ನ 1116ರಲ್ಲಿ ಓಡಿಸಿದೋನು ಹೊಯ್ಸಳರ ವಿಷ್ಣುವರ್ಧನ. ಆ ಗೆಲುವಿಗೆ ಅವನಿಗೆ 'ತಲಕಾಡುಗೊಂಡ' ಅನ್ನೋ ಬಿರುದೇ ಬಂತು. ಆ ನೆನಪಿಗೆ ಕಟ್ಟಿಸಿದ್ದು ಕೀರ್ತಿನಾರಾಯಣನ ಗುಡಿ. ಬೇಲೂರಲ್ಲಿ ಚೆನ್ನಕೇಶವನನ್ನ ಇಟ್ಟದ್ದೂ ಆಗಲೇ, 1117ರ ಹೊತ್ತಿಗೆ. ಹೀಗೆ ಮೂರು ರಾಜಮನೆತನ ಹೊಡೆದಾಡಿದ ಊರು ಇದು. ಮೂವತ್ತಕ್ಕೂ ಹೆಚ್ಚು ಗುಡಿ ಮರಳಿನ ಅಡಿ ಹೋಗಿವೆ ಅಂತ ಹೇಳ್ತಾರೆ. ಪಾತಾಳೇಶ್ವರನನ್ನ ನೋಡಬೇಕಾದ್ರೆ ಈಗಲೂ ಬಾವಿಗಿಳಿದ ಹಾಗೆ ಮೆಟ್ಟಿಲು ಇಳೀಬೇಕು. ಅಷ್ಟು ಮರಳು ಅವನ ಸುತ್ತ.

ಇನ್ನು ಅಲಮೇಲಮ್ಮನ ಕಥೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದವರ ಪರವಾಗಿ ಆಳ್ತಿದ್ದ ತಿರುಮಲರಾಯನ ಹೆಂಡತಿ ಅವಳು. ಅವನನ್ನ ಶ್ರೀರಂಗರಾಯ ಅಂತಲೂ ಕರೀತಾರೆ. ಅವನಿಗೆ ಬೆನ್ನಲ್ಲಿ ವಾಸಿಯಾಗದ ಹುಣ್ಣು ಎದ್ದಿತ್ತಂತೆ. ನಾವು ಕಾಯಿಲೆ ಬಂದ್ರೆ ನಂಜುಂಡಪ್ಪನಿಗೆ ಹರಕೆ ಕಟ್ಟಿಕೊಳ್ಳಲ್ವಾ, ಹಾಗೆ ಅವನು ತಲಕಾಡಿನ ವೈದ್ಯೇಶ್ವರನ ಹತ್ರ ಬಂದ. ಆ ದೇವರ ಹೆಸರೇ ವೈದ್ಯ. ಅತ್ಲಾಗೆ 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನ ತಗೊಂಡ್ರು. ಮೈಸೂರು ರಾಜರ ದಸರಾ ಶುರುವಾದ್ದು ಆ ವರ್ಷವೇ. ಒಂದು ಕಡೆ ಹೊಸ ರಾಜರ ಹಬ್ಬ, ಇನ್ನೊಂದು ಕಡೆ ಗಂಡನನ್ನೂ ಅರಮನೆಯನ್ನೂ ಕಳಕೊಂಡ ಹೆಂಗಸು ಹೊಳೆದಂಡೆಲಿ.

ಅವಳ ಹತ್ರ ಉಳಿದಿದ್ದು ಒಡವೆ. ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ಆ ಒಡವೆ ತೊಡಿಸಿ ಅಲಂಕಾರ ಮಾಡ್ತಿದ್ರಂತೆ. ಅದರಲ್ಲಿ ದೊಡ್ಡ ಮುತ್ತಿನ ಮೂಗುತಿಯೂ ಇತ್ತು. ಗುಡಿಯವರು ಒಡವೆ ಬೇಕು ಅಂತ ಕೇಳಿದ್ರು, ಹೊಸ ದೊರೆ ಆಳು ಕಳಿಸಿದ. ಮುಂದಿನದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಮೂಗುತಿ ಒಂದನ್ನ ಕೊಟ್ಟು ಮಿಕ್ಕಿದ್ದನ್ನ ಇಟ್ಕೊಂಡಳು ಅಂತಾರೆ ಕೆಲವರು, ಎಲ್ಲ ಕೊಟ್ಟು ಮೂಗುತಿ ಒಂದನ್ನ ಬಿಡಲಿಲ್ಲ ಅಂತಾರೆ ಇನ್ನು ಕೆಲವರು. ಕೊನೆ ಮಾತ್ರ ಎಲ್ಲರದೂ ಒಂದೇ. ಆಳುಗಳು ಬೆನ್ನು ಹತ್ತಿದಾಗ ಅವಳು ಒಡವೆ ಗಂಟು ಸಮೇತ ಮಾಲಂಗಿ ಹತ್ರ ಕಾವೇರಿಗೆ ಹಾರಿದಳು. ಹಾರೋ ಮುಂಚೆ, ತಲಕಾಡು ಮರಳಾಗಿ ಹೋಗಲಿ, ಮಾಲಂಗಿಲಿ ಹೊಳೆ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಇರಲಿ ಅಂತ ಮೂರು ಮಾತು ಆಡಿದಳು.

ಈಗ ಲೆಕ್ಕ ಹಾಕಿ ನೋಡ್ರವ್ವ. ತಲಕಾಡಿನ ಹತ್ರ ಕಾವೇರಿಗೆ ಅಡ್ಡ ಒಂದು ಹಳೇ ಕಟ್ಟೆ ಅದೆ, ಮಾಧವಮಂತ್ರಿ ಕಟ್ಟೆ. ಅದು ವಿಜಯನಗರದ ಕಾಲದ್ದು, 14ನೇ ಶತಮಾನದ್ದು. ಅಲಮೇಲಮ್ಮ ನೀರಿಗೆ ಬೀಳೋದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಮುಂಚೆ ಕಟ್ಟಿದ್ದು. ಕಟ್ಟೆ ನೀರನ್ನ ನಾಲೆಗೆ ತಿರುಗಿಸಿದ ಮೇಲೆ ಬೇಸಿಗೇಲಿ ಹೊಳೆ ಪಾತ್ರ ಒಣಗಿ ಮರಳು ಬಯಲಿಗೆ ಬಿತ್ತು. ತಲಕಾಡಿನಲ್ಲಿ ಹೊಳೆ ಬೇರೆ ಬಳುಕಿ ತಿರುಗ್ತದೆ, ತಿರುವಿನಲ್ಲಿ ಮರಳು ಗುಡ್ಡೆ ಬೀಳೋದು ಸಹಜ. ಆಮೇಲೆ ಮುಂಗಾರು ಗಾಳಿ. ನಮ್ಮ ಕಡೆ ಆಷಾಢದ ಗಾಳಿ ಹೆಂಗೆ ಬೀಸ್ತದೆ ಅಂತ ಹಂಚು ಹಾರಿಸಿಕೊಂಡವರಿಗೆ ಗೊತ್ತು. ಆ ಗಾಳಿ ಒಣ ಮರಳನ್ನ ಎತ್ತಿ ಊರ ಮೇಲೆ ಸುರೀತು. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ತಲಕಾಡಿನ ಶಾಪದ ಹಿಂದಿನ ನಿಜ ಕಾರಣ ಹುಡುಕಿ ಸಂಶೋಧನಾ ಲೇಖನವನ್ನೇ ಬರೆದಿದ್ದಾರೆ.

ನೂರು ವರ್ಷಕ್ಕೂ ಹಿಂದೆ ಇಂಗ್ಲಿಷರು ಬರೆದಿಟ್ಟಿರೋದರಲ್ಲಿ, ಈ ಮರಳು ವರ್ಷಕ್ಕೆ 9-10 ಅಡಿ ಊರ ಕಡೆಗೆ ಸರೀತದೆ, ಅದೂ ಹೆಚ್ಚಾಗಿ ಮುಂಗಾರಿನ ಕಾಲದಲ್ಲಿ ಅಂತ ಅದೆ. ಒಂದು ತಲೆಮಾರು ಅಂದ್ರೆ ಇಪ್ಪತ್ತೈದು ವರ್ಷ ಹಿಡೀರಿ. ಅಷ್ಟರಲ್ಲಿ ಮರಳು ಇನ್ನೂರಿಪ್ಪತ್ತೈದು, ಇನ್ನೂರೈವತ್ತು ಅಡಿ ಬಂದಿರ್ತದೆ. ಅತ್ತೆ ನೀರು ಸೇದಿದ ಬಾವಿ ಸೊಸೆ ಕಾಲಕ್ಕೆ ಇರಲ್ಲ. ಸೊಸೆ ರಂಗೋಲಿ ಹಾಕಿದ ಬಾಗಿಲು ಅವಳ ಮೊಮ್ಮಗಳ ಕಾಲಕ್ಕೆ ಇರಲ್ಲ. ಮನೆ ಬಿಟ್ಟು ಹಿಂದಕ್ಕೆ ಹಿಂದಕ್ಕೆ ಹೋಗಿ ಕಟ್ಕೊಳ್ಳೋದೇ ಆ ಊರವರ ಬಾಳಾಯ್ತು. ಕಟ್ಟೆ ಕಟ್ಟಿದ್ದು ಗದ್ದೆಗೆ ನೀರು ಹರಿಸೋಕೆ, ಅದು ತಪ್ಪಲ್ಲ. ಆದ್ರೆ ಗದ್ದೆಯವರಿಗೆ ಸಿಕ್ಕ ಲಾಭದ ಸುಂಕ ಕಟ್ಟಿದವರು ತಲಕಾಡಿನವರು. ಅದನ್ನ ಲೆಕ್ಕದ ಪುಸ್ತಕದಲ್ಲಿ ಯಾರೂ ಬರೀಲಿಲ್ಲ.

ಇನ್ನೊಂದು ವಿಷಯ. ತಲಕಾಡು ಮೈಸೂರಿನವರ ಕೈಗೆ ಬಂದದ್ದು 1634ರಲ್ಲಿ ಅಂತ ಅದೇ ಇಂಗ್ಲಿಷರ ಬರಹ ಹೇಳ್ತದೆ. ಅಂದ್ರೆ ಅಲಮೇಲಮ್ಮ ಬಂದಾಗ ಅದು ಒಡೆಯರ ಊರೇ ಅಲ್ಲ. ಹಾಗಿದ್ದ ಮೇಲೆ ಒಡೆಯರ ಮೇಲಿನ ಸಿಟ್ಟಿಗೆ, ತನಗೆ ನೆರಳು ಕೊಟ್ಟ ಊರನ್ನ ಮರಳಾಗು ಅಂತ ಯಾಕೆ ಅಂತಾಳೆ? ನನಗನ್ನಿಸೋದು, ಮರಳು ಮೊದಲೇ ಬರ್ತಿತ್ತು. ಕಣ್ಣ ಮುಂದೆ ಊರು ಮುಚ್ಚಿಹೋಗ್ತಿದ್ದ ಜನಕ್ಕೆ ಒಂದು ಕಾರಣ ಬೇಕಿತ್ತು. ಹೊಳೆಗೆ ಬಿದ್ದು ಸತ್ತ ಹೆಂಗಸು ಸಿಕ್ಕಿದಳು, ಅವಳ ತಲೆಗೆ ಕಟ್ಟಿದ್ರು.

ಹಾಗಂತ ಕಥೆಯನ್ನ ಸುಳ್ಳು ಅಂತ ಎಸೆಯೋಕೆ ನನಗೆ ಮನಸ್ಸಿಲ್ಲ. ಅದರೊಳಗೆ ಒಂದು ನಿಜ ಅದೆ. ಆ ಒಡವೆ ಯಾರದ್ದು? ದೇವರಿಗೆ ತೊಡಿಸ್ತಿದ್ದದ್ದು ಹೌದು, ಆದ್ರೆ ಇಟ್ಕೊಂಡಿದ್ದವಳು ಅವಳು. ಗಂಡ ಇರೋವರೆಗೂ ಯಾರೂ ಕೇಳಲಿಲ್ಲ. ಗಂಡ ಹೋದ, ಅಧಿಕಾರ ಹೋಯ್ತು, ಆಗ ಆಳು ಬಂದ್ರು. ಇದು ಅರಮನೆ ಮಾತು ಅಷ್ಟೇ ಅಲ್ಲ. ಗಂಡ ತೀರಿಕೊಂಡ ಹನ್ನೊಂದನೇ ದಿನಕ್ಕೆ, "ಆ ಸರ ನಮ್ಮಮ್ಮಂದು, ಬೀರುಲಿ ಇಡು" ಅನ್ನೋ ಮಾತು ಎಷ್ಟು ಮನೇಲಿ ಕೇಳಿಲ್ಲ ನಾವು? ಹೆಣ್ಣಿಗೆ ಒಡವೆ ಅಂದ್ರೆ ಬರೀ ಶೋಕಿ ಅಲ್ಲ, ಕಷ್ಟಕ್ಕೆ ಅಡ ಇಡೋಕೆ ಇರೋ ಒಂದೇ ಆಸರೆ. ಅಲಮೇಲಮ್ಮನ ಕಡೆಗೆ ಸೈನ್ಯ ಇರಲಿಲ್ಲ, ಶಾಸನ ಬರೆಸೋಕೆ ಕಲ್ಲಿರಲಿಲ್ಲ. ವಿಷ್ಣುವರ್ಧನನ ಬಿರುದು ಕಲ್ಲಿನಲ್ಲಿ ಉಳೀತು, ಅವಳ ದೂರು ಜನರ ಬಾಯಲ್ಲಿ ಉಳೀತು. ಬಿರುದನ್ನ ಓದೋಕೆ ಪಂಡಿತರು ಬೇಕು, ಅವಳ ಮಾತು ಮಾತ್ರ ನಮ್ಮ ಹಟ್ಟಿ ಮಕ್ಕಳಿಗೂ ಗೊತ್ತು.

ಅರಮನೆಯವರೂ ಅದನ್ನ ಮರೀಲಿಲ್ಲ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹ ಇಟ್ಟು ದಸರಾದಲ್ಲಿ ಪೂಜೆ ಮಾಡ್ಕೊಂಡು ಬಂದಿದ್ದಾರೆ. ಮಕ್ಕಳ ಮಾತಿಗೆ ಬಂದ್ರೆ, ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತಗೊಂಡ್ರು. ಆ ದತ್ತುಮಗನಿಗೆ ನಾಲ್ವಡಿಯವರು ಹುಟ್ಟಿದ್ರು. ನಾಲ್ವಡಿಯವರಿಗೆ ಮಕ್ಕಳಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರಿಗೆ ಪಟ್ಟವಾಯ್ತು. ಅವರಿಗೆ ಶ್ರೀಕಂಠದತ್ತರು ಹುಟ್ಟಿದ್ರು, ಶ್ರೀಕಂಠದತ್ತರಿಗೆ ಮಕ್ಕಳಿಲ್ಲ. 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನ ದತ್ತು ತಗೊಂಡ್ರು, 2017ರಲ್ಲಿ ಯದುವೀರರಿಗೆ ಗಂಡುಮಗು ಆಯ್ತು. ಶಾಪ ಅಂತ ಎಣಿಸಿದ್ರೆ ಶಾಪ, ಇಲ್ಲ ಅಂದ್ರೆ ಎಲ್ಲರ ಮನೆಯಲ್ಲೂ ನಡೆಯೋ ಸಂಗತಿ. ಮಕ್ಕಳಾಗದ ಹೆಣ್ಣುಮಗಳನ್ನ ಕೂರಿಸ್ಕೊಂಡು ಯಾರ ಶಾಪವೋ ಅಂತ ಕೇಳೋ ಬಾಯಿಗಳು ಈ ಲೆಕ್ಕವನ್ನೂ ಸ್ವಲ್ಪ ನೋಡಲಿ.

ಅವಳ ಮೂರು ಮಾತಿನಲ್ಲಿ ಒಂದನ್ನ ಮಾತ್ರ ನಾವು ಅಕ್ಷರಶಃ ನಂಬಬೇಕು. ಅದು ಮಡುವಿನ ಮಾತು. ತಲಕಾಡು, ಮಾಲಂಗಿ ಕಡೆ ಹೊಳೆ ಮೇಲೆ ನೋಡಿದ್ರೆ ತೆಳ್ಳಗೆ, ಮರಳು ಕಾಣ್ತದೆ, ಮಕ್ಕಳು ಆಡೋಕೆ ಹೇಳಿ ಮಾಡಿಸಿದ ಹಾಗೆ ಇರ್ತದೆ. ನಾಕು ಹೆಜ್ಜೆ ಮುಂದಿಟ್ರೆ ಕೆಳಗಿನ ಮರಳು ಜರುಗಿ ಆಳೆತ್ತರ ಗುಂಡಿ. ಸಮುದ್ರದ ಅಲೆಯಾದ್ರೂ ಸದ್ದು ಮಾಡಿ ಹೆದರಿಸ್ತದೆ, ಮಡು ಸದ್ದು ಮಾಡಲ್ಲ. ಮೇಲೆ ಕನ್ನಂಬಾಡಿಲೋ ಕಬಿನಿಲೋ ನೀರು ಬಿಟ್ರೆ ಇಲ್ಲಿ ಮಳೆಯೇ ಇಲ್ಲದೆ ಹೊಳೆ ಏರ್ತದೆ. ಪ್ರವಾಸಕ್ಕೆ ಬಂದು ಅಲ್ಲಿ ಜೀವ ಕಳಕೊಂಡವರ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಓದ್ತಾನೇ ಇದ್ದೀವಿ. ಅದಕ್ಕೇ ಹೇಳೋದು, ಮಕ್ಕಳನ್ನ ಕರ್ಕೊಂಡು ಹೋದ್ರೆ ಮರಳಲ್ಲಿ ಎಷ್ಟು ಬೇಕಾದ್ರೂ ಹೊರಳಾಡಲಿ, ನೀರು ಮಾತ್ರ ಪಾದ ಮುಳುಗೋವಷ್ಟು ಸಾಕು. ಈಜು ಬರ್ತದೆ ಅನ್ನೋ ಹುಡುಗರ ಕೈಯನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳಿ.

ಪಂಚಲಿಂಗ ದರ್ಶನಕ್ಕೆ ಕಾಯೋರು ಕಾಯಲಿ. ಅದು ಕಾರ್ತಿಕದ ಅಮಾವಾಸ್ಯೆ ಸೋಮವಾರ ಕೂಡಿ ಬರೋ ಯೋಗ ನೋಡಿ ಮಾಡೋದು. 2009, 2013, 2020ರಲ್ಲಿ ಆಯ್ತು. ಆಗ ಲಕ್ಷ ಜನ ಸೇರ್ತಾರೆ, ಮರಳು ಕಾಣಲ್ಲ, ಬರೀ ತಲೆ ಕಾಣ್ತದೆ. ಮರಳಿನ ಮಾತು ಕೇಳಬೇಕು ಅನ್ನೋರು ಜನ ಇಲ್ಲದ ದಿನ ಹೋಗಿ. ವೈದ್ಯೇಶ್ವರನಿಗೆ ಕೈ ಮುಗಿದು, ಕೀರ್ತಿನಾರಾಯಣನನ್ನ ನೋಡ್ಕೊಂಡು, ಹೊಳೆದಂಡೆಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನಿ. ಎದ್ದು ಬರೋ ಮುಂಚೆ ಅಲಮೇಲಮ್ಮನಿಗೆ ಅಂತ ಒಂದು ಹೂವು ನೀರಿಗೆ ಬಿಡಿ. ಮಕ್ಕಳು ಯಾರಿಗೆ ಅಂತ ಕೇಳಿದ್ರೆ ಶಾಪ ಕೊಟ್ಟವಳಿಗೆ ಅನ್ನಬೇಡಿ, ಒಡವೆ ಕಳಕೊಂಡವಳಿಗೆ ಅನ್ನಿ.