ಮುಂಗಡ ಹಿಂತಿರುಗಿಸುವ ಹಕ್ಕು

ಸಂಶೋಧನೆಗೆ ಸೇರುವ ಮೊದಲು ಬೆಂಗಳೂರಿನ ಬಿಪಿಒ ಒಂದರಲ್ಲಿ ಎರಡು ವರ್ಷ ರಾತ್ರಿಪಾಳಿ ಮಾಡಿದ್ದೆ. ವಾರಕ್ಕೊಮ್ಮೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಇರುತ್ತಿತ್ತು. ನಮ್ಮ ಕೆಲಸದಲ್ಲಿ ಕೆಲವನ್ನು ಅವರು ಆರಿಸಿ, ತಪ್ಪು ಹುಡುಕಿ, ಅಂಕ ಕೊಡುತ್ತಿದ್ದರು. ಒಪ್ಪಂದದಲ್ಲಿರುವುದಕ್ಕಿಂತ ಅಂಕ ಕಡಿಮೆಯಾದರೆ ಆ ತಿಂಗಳ ಬಿಲ್ಲಿನಲ್ಲಿ ಕಡಿತ. ಇದೆಲ್ಲ ನಮ್ಮ ಕಾಲದ ವ್ಯವಹಾರ ಎಂದುಕೊಂಡಿದ್ದೆ. 18ನೇ ಶತಮಾನದ ಬಟ್ಟೆ ವ್ಯಾಪಾರದ ಬಗ್ಗೆ ಓದತೊಡಗಿದಾಗ ಆ ಅಭಿಪ್ರಾಯ ಬದಲಾಯಿತು.

ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಬಟ್ಟೆ ಕೊಳ್ಳುತ್ತಿದ್ದುದು ದಾದನಿ ವರ್ತಕರ ಮೂಲಕ. ದಾದನಿ ಎಂದರೆ ಮುಂಗಡ. ಕಂಪನಿಯ ಹಣ ವರ್ತಕರಿಂದ ನೇಕಾರರಿಗೆ ಹೋಗುತ್ತಿತ್ತು. ಬಟ್ಟೆ ಅದೇ ದಾರಿಯಲ್ಲಿ ಮರಳುತ್ತಿತ್ತು. ಕೋಠಿಯಲ್ಲಿ ಅದನ್ನು ‘ಮಸ್ಟರ್’ ಎಂಬ ಮಾದರಿ ಬಟ್ಟೆಗೆ ಹೋಲಿಸಿ ದರ್ಜೆ ನಿಗದಿ ಮಾಡುತ್ತಿದ್ದರು. ದರ್ಜೆ ಇಳಿದರೆ ಬೆಲೆಯೂ ಇಳಿಯುತ್ತಿತ್ತು.

ಆದರೆ ನೇಕಾರರಿಗೂ ಬಲವಿತ್ತು. ಫ್ರೆಂಚರು, ಡಚ್ಚರು, ಏಷ್ಯಾದ ವರ್ತಕರು ಎಲ್ಲರಿಗೂ ಅವರ ಬಟ್ಟೆ ಬೇಕಿತ್ತು. ದಕ್ಷಿಣ ಭಾರತದ ನೇಕಾರರ ಬಗ್ಗೆ ಬರೆದ ಇತಿಹಾಸಕಾರ ಪ್ರಸನ್ನನ್ ಪಾರ್ಥಸಾರಥಿ ಇನ್ನೊಂದು ಸಂಗತಿ ತೋರಿಸುತ್ತಾರೆ: ಮುಂಗಡ ಹಿಂತಿರುಗಿಸಿದರೆ ನೇಕಾರ ಒಪ್ಪಂದದಿಂದ ಹೊರಬರಬಹುದಿತ್ತು, ವರ್ತಕನಿಗೆ ಆ ಅನುಕೂಲ ಇರಲಿಲ್ಲ.

1753ರಲ್ಲಿ ಕಂಪನಿ ಬಂಗಾಳದ ದಾದನಿ ವರ್ತಕರನ್ನು ಕೈಬಿಟ್ಟು, ತನ್ನದೇ ಗುಮಾಸ್ತರ ಮೂಲಕ ಖರೀದಿಗಿಳಿಯಿತು. ಇಲ್ಲಿ ಗುಮಾಸ್ತ ಎಂದರೆ ಲೆಕ್ಕ ಬರೆಯುವವನಲ್ಲ, ಕಂಪನಿಯ ಖರೀದಿ ಏಜೆಂಟ್. 1757ರ ಪ್ಲಾಸಿ ಯುದ್ಧದ ನಂತರ ಅವನ ಬೆನ್ನಿಗೆ ಅಧಿಕಾರವೂ ಬಂತು. ಬಲವಂತವಾಗಿ ಮುಂಗಡ ಕೊಡುತ್ತಿದ್ದರು, ಒಪ್ಪದ ನೇಕಾರರನ್ನು ಥಳಿಸುತ್ತಿದ್ದರು ಎಂದು ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದ. ಕಂಪನಿಯ ನೌಕರನಾಗಿದ್ದು, ಅದರೊಡನೆ ಜಗಳವಾಡಿ ಬಂಗಾಳದಿಂದ ಗಡೀಪಾರಾದವನು ಅವನು. ಮಾತಿನಲ್ಲಿ ಸಿಟ್ಟು ಬೆರೆತಿರಬಹುದು. ಆದರೂ ಮುಂಗಡದ ಅರ್ಥ ಬದಲಾದದ್ದು ನಿಜ. ಮೊದಲು ಬಂಡವಾಳವಾಗಿದ್ದ ಹಣ ಈಗ ನೇಕಾರನನ್ನು ಕಟ್ಟಿಹಾಕುವ ಹಗ್ಗವಾಗಿತ್ತು.

ನಮ್ಮನ್ನು ಯಾರೂ ಥಳಿಸಲಿಲ್ಲ. ಬೇಡವಾದರೆ ರಾಜೀನಾಮೆ ಕೊಡಬಹುದಿತ್ತು, ನಾನು ಕೊಟ್ಟೆ ಕೂಡ. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ಆದರೆ ನಮ್ಮ ಕಂಪನಿಯ ಆದಾಯದ ಬಹುಪಾಲು ಆ ಒಬ್ಬ ಕ್ಲೈಂಟ್‌ನಿಂದಲೇ ಬರುತ್ತಿತ್ತು. ಅವರು ಮೂವತ್ತು ದಿನಗಳ ನೋಟಿಸ್ ಕೊಟ್ಟು ಹೋಗಬಹುದಿತ್ತು, ನಾವು ಹೋಗುವಂತಿರಲಿಲ್ಲ. ಒಮ್ಮೆ ದರ ಇಳಿಸಿ ಎಂದಾಗ ನಮ್ಮ ಮ್ಯಾನೇಜರ್ ಒಂದೇ ನಿಮಿಷದಲ್ಲಿ ಒಪ್ಪಿದರು. ಕಾಲ್ ಮುಗಿದ ಮೇಲೆ, ಅದೇ ಕೆಲಸವನ್ನು ಇಬ್ಬರು ಕಡಿಮೆ ಜನ ಮಾಡಬೇಕೆಂದರು.

ಕ್ಲೈಂಟ್ ಸಂಬಂಧಕ್ಕೆ ನಂಬಿಕೆಯೇ ಬುನಾದಿ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಈಗ ಯಾವ ಒಪ್ಪಂದ ಓದಿದರೂ ನಾನು ಮೊದಲು ಹುಡುಕುವುದು, ಅದರಿಂದ ಹೊರಬರುವ ಹಕ್ಕು ಯಾರಿಗಿದೆ ಎಂಬುದನ್ನು.