ಒಣಗೋಡೆಯ ತೇಪೆ

ಕಟ್ಟಿದವರ ಹೆಸರನ್ನು ಚರಿತ್ರೆ ಬರೆದಿಡುತ್ತದೆ. ತೇಪೆ ಹಾಕಿದವರನ್ನು ಅದು ಕೇಳುವುದು ಅಪರೂಪ. ಈ ವಿಷಯದಲ್ಲಿ ನಮ್ಮ ಶಾಸನಗಳು ತುಸು ಉದಾರವಾಗಿವೆಯೆನ್ನಬೇಕು. ದೇವಾಲಯಗಳ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ಬಿಟ್ಟ ದಾನಗಳು ಅವುಗಳಲ್ಲಿ ಎಷ್ಟೋ ಇವೆ. ಒಡೆದುದು, ಬಿರಿದುದು ಎಂದು ಆ ಮಾತಿನ ಅರ್ಥ. ಕಟ್ಟಿದ್ದೆಲ್ಲ ಒಂದು ದಿನ ಬಿರಿಯುತ್ತದೆಂಬ ತಿಳಿವಳಿಕೆ ಹಿಂದಿನವರಿಗಿತ್ತು. ದೇವಾಲಯದ ಮಾತು ಹಾಗಿರಲಿ, ಸಾಮಾನ್ಯನ ಮನೆಯ ಗೋಡೆ ಬಿರಿದರೆ ಅದರ ಕಥೆಯೇನು? ಅಮೆರಿಕದ ಮನೆಗೋಡೆಯ ಕಥೆಯನ್ನು ಕೆದಕಿ ನೋಡಿದರೆ, ಅದರಲ್ಲಿ ಒಂದು ಶತಮಾನದ ಚರಿತ್ರೆಯೇ ಅಡಗಿರುವುದು ಕಾಣುತ್ತದೆ.

ಅಲ್ಲಿನ ಮನೆಗಳ ಎಲುಬುಗೂಡು ಮರದ್ದು. ಹಿಂದೆ ಆ ಮರದ ಕಂಬಗಳಿಗೆ ತೆಳ್ಳನೆಯ ರೀಪುಗಳನ್ನು ಒತ್ತೊತ್ತಾಗಿ ಹೊಡೆದು, ಅದರ ಮೇಲೆ ಮೂರು ಸಲ ಗಾರೆ ಬಳಿಯುತ್ತಿದ್ದರು. ಒಂದು ಬಳಿತ ಒಣಗಿದ ಮೇಲೆಯೇ ಇನ್ನೊಂದು. ವಾರಗಟ್ಟಲೆ ಮನೆಯೆಲ್ಲ ಒದ್ದೆ. ಗಾರೆಯವನ ಕೈ ಪಳಗಬೇಕಾದರೆ ವರ್ಷಗಳೇ ಬೇಕಾಗುತ್ತಿದ್ದವು.

1894ರಲ್ಲಿ ಅಗಸ್ಟೀನ್ ಸ್ಯಾಕೆಟ್ ಎಂಬಾತ ಕಾಗದದ ಪದರಗಳ ನಡುವೆ ಜಿಪ್ಸಂ ಗಾರೆಯನ್ನು ಹಾಸಿ ಮಾಡಿದ ಹಲಗೆಗೆ ಪೇಟೆಂಟ್ ಪಡೆದ. ಜಿಪ್ಸಂ ವಿಚಿತ್ರವಾದ ಕಲ್ಲು. ಅದರ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ನೀರೇ. ಕಾಯಿಸಿದರೆ ಆ ನೀರಿನ ಮುಕ್ಕಾಲು ಭಾಗ ಹಾರಿಹೋಗಿ ಹುಡಿಯಾಗುತ್ತದೆ. ನೀರು ಬೆರೆಸಿದರೆ ಮತ್ತೆ ಕಲ್ಲಾಗುತ್ತದೆ. ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ 1765ರಲ್ಲಿ ಓದಿದ ಮೊದಲ ಪ್ರಬಂಧದ ವಸ್ತು ಇದೇ ಕಲ್ಲು. ಬೆಂಕಿ ಬಿದ್ದಾಗ ಒಳಗಿನ ನೀರು ಹಬೆಯಾಗಿ ಹೊರಡುವುದರಿಂದ ಈ ಹಲಗೆಯು ಉರಿಯನ್ನು ಕೆಲಕಾಲ ತಡೆದು ನಿಲ್ಲಿಸುತ್ತದೆ.

1909ರಲ್ಲಿ ಸ್ಯಾಕೆಟ್ಟನ ಸಂಸ್ಥೆಯನ್ನು ಯುನೈಟೆಡ್ ಸ್ಟೇಟ್ಸ್ ಜಿಪ್ಸಂ ಕಂಪನಿ ಕೊಂಡುಕೊಂಡಿತು. ಮೊದಮೊದಲು ಈ ಹಲಗೆ ರೀಪಿನ ಬದಲಿಗೆ ಬಂದದ್ದು. ಮೇಲೆ ಗಾರೆ ಇದ್ದೇ ಇತ್ತು. 1917ರಲ್ಲಿ ಕಂಪನಿ ‘ಶೀಟ್‌ರಾಕ್’ ಎಂಬ ಹೆಸರಿನಿಂದ ಹಲಗೆಯನ್ನೇ ಗೋಡೆಯಾಗಿಸಿ ಮಾರತೊಡಗಿತು. ಆದರೂ ಜನ ಬಹುಕಾಲ ಅದನ್ನು ಅಗ್ಗದ ಮಾಲೆಂದೇ ನೋಡಿದರು. ಅವರ ಮನಸ್ಸನ್ನು ತಿರುಗಿಸಿದ್ದು ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಕುಶಲ ಕೆಲಸಗಾರರು ಸಿಗದಾದರು. ಯುದ್ಧ ಮುಗಿದು ಸೈನಿಕರು ಹಿಂದಿರುಗಿದಾಗ ಮನೆಗಳು ಸಾಲದಾದವು. ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನ ಲೆವಿಟ್‌ಟೌನ್‌ನಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆಗಳು ಎದ್ದುನಿಂತವು. ವಾರಗಟ್ಟಲೆ ಗಾರೆ ಆರಲಿ ಎಂದು ಕಾಯುವ ವ್ಯವಧಾನ ಯಾರಿಗಿತ್ತು? ನೀರಿಲ್ಲದೆ ಏಳುವ ಗೋಡೆಯಾದ್ದರಿಂದ ಅದು ‘ಡ್ರೈವಾಲ್’ ಆಯಿತು. ನಾವು ಒಣಗೋಡೆ ಎನ್ನೋಣ.

ಆದರೆ ಈ ಗೋಡೆಯ ದಪ್ಪ ಸಾಮಾನ್ಯವಾಗಿ ಅರ್ಧ ಅಂಗುಲ. ಹಿಂದೆಲ್ಲ ಟೊಳ್ಳು. ಬಾಗಿಲಿನ ಹಿಡಿ ಬಡಿದರೆ ತೂತು, ಕುರ್ಚಿಯ ಬೆನ್ನು ತಗುಲಿದರೆ ತಗ್ಗು. ಹೀಗೆ ಗಾರೆಯವನ ವಿದ್ಯೆ ಹಿಂದೆ ಸರಿದು, ತೇಪೆಯ ವಿದ್ಯೆ ಮನೆಯ ಯಜಮಾನನ ಕೈಗೆ ಬಂತು. ಮೊಳೆಯ ತೂತಿಗೆ ಬೆರಳಷ್ಟು ಲೇಪ ಸಾಕು. ದೊಡ್ಡ ತೂತಾದರೆ ಸುತ್ತಲೂ ಚೌಕವಾಗಿ ಕೊಯ್ದು, ಒಳಗೆ ಮರದ ಪಟ್ಟಿಯೊಂದನ್ನು ತೂರಿಸಿ ತಿರುಪು ಬಿಗಿದು, ಅದಕ್ಕೆ ಹೊಸ ಹಲಗೆಯ ತುಂಡನ್ನು ಕೂರಿಸಬೇಕು. ಸಂದಿಯ ಮೇಲೆ ಕಾಗದದ ಪಟ್ಟಿ ಅಂಟಿಸಿ, ಹಿಂದಿನದಕ್ಕಿಂತ ಅಗಲವಾಗಿ ಒಂದರ ಮೇಲೊಂದು ಮೂರು ಸಲ ಲೇಪ ಎಳೆಯಬೇಕು. ಕೊನೆಗೆ ಉಪ್ಪುಕಾಗದದಿಂದ ಉಜ್ಜಿ ಬಣ್ಣ ಬಳಿದರೆ ಗಾಯದ ಗುರುತೇ ಉಳಿಯುವುದಿಲ್ಲ. ಅಂದವಾದ ಕೆಲಸವೆಂದರೆ ಕಣ್ಣಿಗೆ ಬೀಳದ ಕೆಲಸ!

ವಿಪತ್ತು ಅಡಗಿದ್ದುದು ಆ ಉಜ್ಜುವುದರಲ್ಲಿ. ಲೇಪ ಬಿರಿಯದಿರಲೆಂದು, ನಯವಾಗಿ ಹರಡಲೆಂದು ಅದರಲ್ಲಿ ಆಸ್ಬೆಸ್ಟಾಸ್ ಬೆರೆಸುವ ಪದ್ಧತಿ ದಶಕಗಳ ಕಾಲ ನಡೆದಿತ್ತು. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಡನೆ ಒಳಸೇರಿದರೆ ಕ್ಯಾನ್ಸರ್ ತಲೆಯೆತ್ತುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ. ನ್ಯೂಯಾರ್ಕಿನ ಮೌಂಟ್ ಸಿನೈನ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಅವರ ಸಹೋದ್ಯೋಗಿಗಳು ಲೇಪದ ಹುಡಿ ಕಲಸುವಾಗ, ಉಜ್ಜುವಾಗ, ಗುಡಿಸುವಾಗ ಗಾಳಿಯಲ್ಲಿ ಈ ಎಳೆಗಳು ಎಷ್ಟೆಂದು ಅಳೆದು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1977ರ ಡಿಸೆಂಬರಿನಲ್ಲಿ ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗವು ಅಂಥ ಲೇಪವನ್ನು ನಿಷೇಧಿಸಿತು. ಆ ಆಜ್ಞೆ ಹೆಸರು ಹಿಡಿದು ಕೂಗಿದ್ದು ಗೋಡೆಯನ್ನಲ್ಲ, ತೇಪೆಯ ಲೇಪವನ್ನು ಎಂಬುದು ಗಮನಿಸತಕ್ಕ ವಿಷಯ. ಭಾನುವಾರದ ಬಿಡುವಿನಲ್ಲಿ ಮಗುವಿನ ಕೋಣೆಯ ಗೋಡೆಯನ್ನು ನುಣುಪು ಮಾಡಿದ ತಂದೆಗೆ, ಕಸ ಗುಡಿಸಿದ ತಾಯಿಗೆ, ಆ ಬಿಳಿ ಹುಡಿ ಏನೆಂದು ಯಾರೂ ಹೇಳಿರಲಿಲ್ಲ.

ಲೇಪ ನಿಷೇಧವಾಯಿತು, ಹಳೆಯ ಗೋಡೆಗಳು ಹಾಗೆಯೇ ನಿಂತಿವೆ. ನಮ್ಮ ಕನ್ನಡಿಗರೂ ಈಗ ಆ ನಾಡಿನಲ್ಲಿ ಸಂಸಾರ ಹೂಡಿದ್ದಾರೆ. ಹಳೆಯ ಮನೆ ಕೊಂಡವರೂ ಉಂಟು. 1980ಕ್ಕೆ ಹಿಂದಿನ ಮನೆಯಾದರೆ ಪರೀಕ್ಷೆ ಮಾಡಿಸದೆ ಗೋಡೆಯನ್ನು ಉಜ್ಜದಿರುವುದು ಲೇಸು. ಕದಡದೆ ಬಿಟ್ಟ ಗಟ್ಟಿ ಲೇಪ ಅಪಾಯ ಮಾಡುವುದಿಲ್ಲ. ಹುಡಿಯಾಗಿ ಎದ್ದಾಗಲೇ ಅದು ಮೃತ್ಯು.

ಜಿಪ್ಸಂ ಹಲಗೆ ಇಂದು ಬೆಂಗಳೂರಿನ ಕಚೇರಿಗಳ ತೂಗುಚಾವಣಿಗಳಲ್ಲಿಯೂ ಕಾಣುತ್ತದೆ. ಹಲಗೆಯ ಮೇಲೆ ದೋಷ ಹೊರಿಸುವಂತಿಲ್ಲ. ಬಡವನಿಗೂ ಬೇಗನೆ ಮನೆಯನ್ನು ಒದಗಿಸಿದ ಪುಣ್ಯ ಅದರದು. ಆದರೆ ಒಡೆದುದನ್ನು ಸರಿಪಡಿಸುವವನ ಉಸಿರನ್ನೂ ಕಟ್ಟುವ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಜೀರ್ಣೋದ್ಧಾರಕ್ಕೆ ಭೂಮಿ ಬಿಟ್ಟವರ ವಿವೇಕ ಅಷ್ಟಾದರೂ ನಮಗೆ ಬರಬೇಡವೇ?