ಬಾಗಿಲಿಕ್ಕಿ ಆಡಿದ ಆಟ

ಚಳಿಗಾಲದಲ್ಲಿ ಬಯಲಿಗಿಳಿಯಲಾರದ ವಿದ್ಯಾರ್ಥಿಗಳ ವ್ಯಾಯಾಮಕ್ಕೆಂದು 1891ರಲ್ಲಿ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದ ಜೇಮ್ಸ್ ನೇಯ್‌ಸ್ಮಿತ್ ಮಹಾಶಯರು ವಾರ್ಧಕ್ಯದಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಅಲ್ಲಿ ಅವರಿಗೆ ದೊರೆತ ಶಿಷ್ಯರಲ್ಲಿ ಕಪ್ಪುಜನಾಂಗದ ಜಾನ್ ಮ್ಯಾಕ್ಲೆಂಡನ್ ಒಬ್ಬರು. ಆಟವನ್ನು ಅದರ ಜನಕನಿಂದಲೇ ಕಲಿಯುವ ಭಾಗ್ಯವಿದ್ದ ಈ ತರುಣನಿಗೆ, ವರ್ಣಭೇದದ ಕಟ್ಟಳೆಯಿಂದಾಗಿ, ಆ ವಿಶ್ವವಿದ್ಯಾನಿಲಯದ ತಂಡದಲ್ಲಿ ಒಂದು ದಿನವಾದರೂ ಆಡುವ ಅವಕಾಶವಿರಲಿಲ್ಲ. ಆತನು ಈಜುಕೊಳಕ್ಕೆ ಇಳಿದುದೇ ತಡ, ಕೊಳದ ನೀರನ್ನೆಲ್ಲ ಹೊರಗೆ ಹರಿಸಿಬಿಟ್ಟರು. ವಿದ್ಯಾಮಂದಿರವೊಂದು ತನ್ನ ವಿದ್ಯಾರ್ಥಿಗೆ ಮಾಡಬಹುದಾದ ಅವಮಾನಗಳಲ್ಲಿ ಇದಕ್ಕಿಂತ ಹೀನವಾದುದನ್ನು ನಾನು ಊಹಿಸಲಾರೆ.

1936ರಲ್ಲಿ ಪದವಿ ಪಡೆದ ಮ್ಯಾಕ್ಲೆಂಡನ್ನರು, ಡರಮ್ ನಗರದಲ್ಲಿ ಕಪ್ಪುಜನಾಂಗದವರಿಗೆಂದೇ ಇದ್ದ ನಾರ್ತ್ ಕೆರೊಲಿನಾ ಕಾಲೇಜಿನ ಮುಖ್ಯ ತರಬೇತುದಾರರಾದುದು 1940ರಲ್ಲಿ. ಚೆಂಡನ್ನು ನಿಧಾನವಾಗಿ ಮುಂದೊಯ್ದು, ಕೈಯಿಂದ ಕೈಗೆ ದಾಟಿಸುತ್ತ, ಸಂದರ್ಭ ಒದಗಿದಾಗ ಬುಟ್ಟಿಗೆ ಎಸೆಯುವುದೇ ಅಂದಿನ ಸಾಮಾನ್ಯ ಕ್ರಮ. ಇವರಾದರೋ, ಚೆಂಡು ಕೈಗೆ ಬಂದ ಕ್ಷಣದಲ್ಲಿಯೇ, ಎದುರಾಳಿಗಳು ತಮ್ಮ ತಮ್ಮ ಸ್ಥಾನಕ್ಕೆ ಮರಳುವ ಮೊದಲೇ, ತಂಡವೆಲ್ಲ ಒಟ್ಟಾಗಿ ಮುನ್ನುಗ್ಗಬೇಕೆಂದೂ, ಚೆಂಡು ಕೈತಪ್ಪಿದರೆ ಹಿಂದಕ್ಕೆ ಸರಿಯದೆ ಅಂಗಣದ ಉದ್ದಕ್ಕೂ ಎದುರಾಳಿಯನ್ನು ಕಾಡಬೇಕೆಂದೂ ಕಲಿಸಿದರು. ಇಂತಹ ಆಟಕ್ಕೆ ಕೈಚಳಕದೊಂದಿಗೆ ಉಸಿರಿನ ಬಲವೂ ಬೇಕಾದುದರಿಂದ, ಓಟದ ಕಠಿನ ಸಾಧನೆ ಅವರ ಶಿಕ್ಷಣದ ಅಡಿಪಾಯವಾಯಿತು.

ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆದುದು ಗುಟ್ಟಾಗಿ. ಯುದ್ಧಕಾಲದಲ್ಲಿ ಅದೇ ನಗರದ ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ, ಹಿಂದೆ ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ನುರಿತ ಬಿಳಿಯ ವಿದ್ಯಾರ್ಥಿಗಳ ಪ್ರಬಲ ತಂಡವೊಂದಿತ್ತು. ಬಿಳಿಯರೂ ಕಪ್ಪುಜನರೂ ಒಂದೇ ಅಂಗಣದಲ್ಲಿ ಆಡುವುದು ಆ ಪ್ರಾಂತದಲ್ಲಿ ಪ್ರಾಣಾಪಾಯವನ್ನೇ ತರಬಹುದಾದ ಸಾಹಸ. ಆದರೂ 1944ರ ಮಾರ್ಚ್ 12ರ ಭಾನುವಾರ ಬೆಳಗ್ಗೆ, ಊರ ಜನರಲ್ಲಿ ಬಹುಮಂದಿ ಚರ್ಚುಗಳಲ್ಲಿ ಪ್ರಾರ್ಥನೆಯಲ್ಲಿದ್ದ ಹೊತ್ತಿನಲ್ಲಿ, ಎರವಲು ಪಡೆದ ಕಾರುಗಳಲ್ಲಿ ಸುತ್ತುದಾರಿ ಹಿಡಿದು ಬಂದ ಡ್ಯೂಕ್ ತರುಣರು, ಗುರುತು ಸಿಕ್ಕದಂತೆ ಮುಖ ಮರೆಸಿಕೊಂಡು ಮ್ಯಾಕ್ಲೆಂಡನ್ನರ ಕಾಲೇಜಿನ ವ್ಯಾಯಾಮಶಾಲೆಯನ್ನು ಹೊಕ್ಕರು. ಒಳಗಿನಿಂದ ಬಾಗಿಲಿಗೆ ಬೀಗ ಬಿದ್ದಿತು. ಆರಂಭದಲ್ಲಿ ಎರಡು ಕಡೆಯವರ ಕೈಗಳೂ ಅಳುಕಿದವು. ಅಳುಕು ಕಳೆದ ಮೇಲೆ ಮ್ಯಾಕ್ಲೆಂಡನ್ನರ ಶಿಷ್ಯರ ವೇಗದೆದುರು ನಿಲ್ಲುವುದು ಅತಿಥಿಗಳಿಗೆ ಸಾಧ್ಯವಾಗಲಿಲ್ಲ. ಅಂಕಗಳು 88ಕ್ಕೆ 44.

ಅನಂತರ ನಡೆದುದು ನನಗೆ ಆ ವಿಜಯಕ್ಕಿಂತಲೂ ಹಿರಿದಾಗಿ ತೋರುತ್ತದೆ. ಇಬ್ಬಣದವರೂ ಆಟಗಾರರನ್ನು ಹಂಚಿಕೊಂಡು, ಅಂಗಿ ತೊಟ್ಟವರದೊಂದು ಪಕ್ಷ, ಅಂಗಿ ಕಳಚಿದವರದೊಂದು ಪಕ್ಷವಾಗಿ, ಬೆರೆತು ಇನ್ನೊಂದು ಆಟವಾಡಿದರು. ವಿಷಯ ತಿಳಿದ ಪತ್ರಿಕೆಯವರೊಬ್ಬರು ಕೊಟ್ಟ ಮಾತಿನಂತೆ ಏನನ್ನೂ ಬರೆಯಲಿಲ್ಲ. ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಅವರು 1996ರಲ್ಲಿ ಪ್ರಕಟಿಸುವವರೆಗೆ, ಅರ್ಧ ಶತಮಾನಕ್ಕೂ ಮೀರಿ, ಹೊರಲೋಕಕ್ಕೆ ಈ ಸಂಗತಿ ತಿಳಿದಿರಲಿಲ್ಲ.

ಮ್ಯಾಕ್ಲೆಂಡನ್ನರ ಮುಂದಿನ ವೃತ್ತಿಜೀವನ ಬಹಿರಂಗವಾದುದು. ಟೆನೆಸೀ ಎ ಅಂಡ್ ಐ ಕಾಲೇಜು ಅವರ ನೇತೃತ್ವದಲ್ಲಿ 1957, 1958, 1959ರಲ್ಲಿ ಸಾಲಾಗಿ ಮೂರು ಬಾರಿ ಎನ್‌ಎಐಎ ಎಂಬ ಕಾಲೇಜು ಕ್ರೀಡಾಸಂಘದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. 1966ರಲ್ಲಿ ಕ್ಲೀವ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ನೇಮಕಗೊಂಡು, ಬಿಳಿಯರೇ ಬಹುಸಂಖ್ಯಾತರಾದ ವಿಶ್ವವಿದ್ಯಾನಿಲಯವೊಂದರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರಾದ ಕಪ್ಪುಜನಾಂಗದವರಲ್ಲಿ ಮೊದಲಿಗರಾದರು. ಇಂದು ಜಗತ್ತಿನ ಯಾವ ಅಂಗಣದಲ್ಲಿ ನೋಡಿದರೂ ಕಾಣುವ ಧಾವಂತದ ಆಟಕ್ಕೆ ರೂಪು ಕೊಟ್ಟವರಲ್ಲಿ ಇವರು ಅಗ್ರಗಣ್ಯರು. ಆದರೆ ಬ್ಯಾಸ್ಕೆಟ್‌ಬಾಲಿನ ಕೀರ್ತಿಭವನವು 1979ರಲ್ಲಿ ಅವರನ್ನು ಸೇರಿಸಿಕೊಂಡುದು ಆಟಕ್ಕೆ ಸೇವೆ ಸಲ್ಲಿಸಿದವರೆಂದು ಮಾತ್ರ. ತರಬೇತುದಾರರೆಂಬ ಗೌರವ ಅವರಿಗೆ ಸಂದುದು 2016ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ.